ಮೂರನೇ ವಾರದ ಮಾತು

2022ರ ಅಕ್ಟೋಬರ್, ದಸರಾ ರಜೆ. ಬೆಳಿಗ್ಗೆ ಏಳರ ಹೊತ್ತಿಗೆ ಕುಣಿಗಲ್ಲಿನಿಂದ ಫೋನು ಬಂತು. ‘ಮೇಡಂ, ಇವಳಿಗೆ ನಡೆಯೋಕೇ ಆಗ್ತಿಲ್ಲ. ಕಾಲೆಲ್ಲ ಜೋಮು ಅಂತಾಳೆ. ನಿಮ್ಮನ್ನೊಂದ್ಮಾತು ಕೇಳಿ ಅಂದ್ಲು’ ಎಂದರು ಅವಳ ಗಂಡ. ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅವರ ಮನೆ ಮುಟ್ಟುವಾಗ ಹತ್ತು ಗಂಟೆ. ರವಿಕೆ ಹೊಲಿಯುವ ಮೆಷಿನ್ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು. ತುಟಿ ಒಣಗಿ ಬಿರಿದಿತ್ತು. ಎಷ್ಟು ದಿನದಿಂದ ವಾಂತಿ ಎಂದೆ. ಹದಿನೇಳು ದಿನ. ಡಾಕ್ಟರಿಗೆ ಯಾಕಮ್ಮ ಹೇಳಲಿಲ್ಲ ಎಂದೆ. ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ‘ನಿಮಗೇನೂ ಆಗ್ಲಿಲ್ಲ ಅಂದಿದ್ರಲ್ಲಕ್ಕ. ಹದಿನೈದು ದಿನಕ್ಕೆ ಸ್ಕೂಲಿಗೆ ಹೋದೆ ಅಂದ್ರಿ. ನಾನೇ ಏನೋ ತಿನ್ನಬಾರದ್ದು ತಿಂದಿದೀನಿ, ಬೈತಾರೆ ಅಂತ ಸುಮ್ನಿದ್ದೆ.’

ಅವಳಿಗೆ ತೂಕ ಇಳಿಸುವ ಆಪರೇಷನ್ ಆಗಿ ಐದನೇ ವಾರ ಅದು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಬಿ1 ಜೀವಸತ್ವ ಪೂರಾ ಖಾಲಿಯಾಗಿದೆ ಎಂದರು ಡಾಕ್ಟರು. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಆಗುತ್ತದಂತೆ. ತಿಂದದ್ದೆಲ್ಲ ವಾಂತಿಯಾಗಿ ಹೋಗುತ್ತಿದ್ದರೆ ಕಾಲಿನ ನರ ಸೋಲುತ್ತದೆ, ಮೆದುಳಿಗೂ ಪೆಟ್ಟು. ಊರಲ್ಲೇ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಅವಳ ಗಂಡ ಹಿಂದಿನ ದಿನ ಯೋಚಿಸಿದ್ದರು. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಅಪಾಯ ಎಂದು ಅವತ್ತು ನನಗೂ ಮೊದಲ ಸಲ ತಿಳಿಯಿತು. ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳಿಗೆ ಎದ್ದು ಓಡಾಡಿದಳು. ಬಲಗಾಲಿನ ಅಂಗಾಲು ಮಾತ್ರ ಇವತ್ತಿಗೂ ಅವಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಮೆಷಿನ್ ತುಳಿಯುವುದು ಎಡಗಾಲಿನಲ್ಲಿ.

ಆ ಹದಿನೇಳು ದಿನದ ಮೌನಕ್ಕೆ ನಾನೂ ಕಾರಣ. ನಾನು ಅವಳಿಗೆ ಹೇಳಿದ್ದು ಸುಳ್ಳು.

ನನ್ನ ಆಪರೇಷನ್ ಆದದ್ದು 2019ರ ಫೆಬ್ರುವರಿ 12ರಂದು. ಜನವರಿ 21ಕ್ಕೆ ಸಿದ್ಧಗಂಗೆಯ ಶಿವಕುಮಾರ ಶ್ರೀಗಳು ಶಿವೈಕ್ಯರಾಗಿದ್ದರು, ತುಮಕೂರು ಇನ್ನೂ ಆ ದುಃಖದಿಂದ ಎದ್ದಿರಲಿಲ್ಲ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಮನೆ ತುಮಕೂರಿನ ಎಸ್.ಎಸ್. ಪುರಂ. ಆಗ ನನ್ನ ತೂಕ 112 ಕೆ.ಜಿ. ಸಕ್ಕರೆ ಕಾಯಿಲೆಗೆ ಮೂರು ಮಾತ್ರೆ, ಮೊಣಕಾಲು ನೋವು. ರಾತ್ರಿ ನನ್ನ ಗೊರಕೆ ನಿಂತು ಉಸಿರೇ ಸಿಕ್ಕಿಕೊಂಡಂತಾಗಿ ಮನೆಯವರು ಎದ್ದು ಅಲ್ಲಾಡಿಸುತ್ತಿದ್ದರು. ಆಗಿನ ವಿಮೆ ಪಾಲಿಸಿಯಲ್ಲಿ ಇದಕ್ಕೆ ಹಣ ಸಿಗಲಿಲ್ಲ, ಶಿಕ್ಷಕರ ಸೊಸೈಟಿಯಲ್ಲಿ ಸಾಲ ಎತ್ತಿದೆ. (ನಿಯಮ ಬದಲಾಗಿದೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ವಿಮಾ ಪ್ರಾಧಿಕಾರದ ಸೂಚನೆಯಂತೆ ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ತೀವ್ರ ಉಸಿರುಗಟ್ಟುವ ನಿದ್ರೆಯ ತೊಂದರೆಗಳಲ್ಲಿ ಒಂದಾದರೂ ಇದ್ದವರಿಗೆ ವೈದ್ಯರ ಸಲಹೆಯ ಮೇಲೆ ಹಣ ಸಿಗಬೇಕು. ಪಾಲಿಸಿ ಓದಿ ನೋಡಿ.) ಮಾಡಿದ್ದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಪೂರ ಕೊಳವೆ ಮಾಡುತ್ತಾರೆ. ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್ ಬೇರೆ, ಇದು ಬೇರೆ. 2022ರ ಮೇನಲ್ಲಿ ಕಿರುತೆರೆ ನಟಿ ಚೇತನಾ ರಾಜ್ 21ನೇ ವಯಸ್ಸಿಗೇ ತೀರಿಕೊಂಡಾಗ ನನಗೆ ದಿನಕ್ಕೆ ಐದಾರು ಫೋನು. ಅದು ಕೊಬ್ಬು ತೆಗೆಸುವ ಚಿಕಿತ್ಸೆ, ನನ್ನದು ಅದಲ್ಲ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಆ ಮಗು ಹೆತ್ತವರಿಗೂ ತಿಳಿಸದೆ ಹೋಗಿತ್ತು ಎಂದು ಪತ್ರಿಕೆಗಳಲ್ಲಿ ಓದಿದಾಗ ಮಾತ್ರ ನನ್ನ ಬಾಯಿ ಕಟ್ಟಿತು. ನಾನೂ ತವರಿನವರಿಗೆ ‘ಗಾಲ್ ಬ್ಲಾಡರ್ ಕಲ್ಲು’ ಎಂದು ಹೇಳಿಯೇ ಹೋಗಿದ್ದೆ.

ಆಮೇಲೆ ಏನಾಯಿತು ಎನ್ನುವುದನ್ನು ನಡೆದ ಹಾಗೇ ಹೇಳುತ್ತೇನೆ. ಮೊದಲ ಹದಿನಾಲ್ಕು ದಿನ ನೀರು, ಮಜ್ಜಿಗೆ, ಸೋಸಿದ ಬೇಳೆಕಟ್ಟು. ಔಷಧಿ ಕುಡಿಯುವ ಪುಟ್ಟ ಲೋಟದಲ್ಲಿ ಅಳೆದು, ಗುಟುಕು ಗುಟುಕಾಗಿ. ಹದಿನೈದನೇ ದಿನ ಸ್ಕೂಲಿಗೆ ಹೋದದ್ದು ನಿಜ. ಮೂರನೇ ಪೀರಿಯಡ್ಡಿಗೆ ಕಣ್ಣು ಕತ್ತಲಿಟ್ಟು ಸ್ಟಾಫ್‌ರೂಮಿನ ಬೆಂಚಿನ ಮೇಲೆ ಮಲಗಿದ್ದೂ ನಿಜ. ಎರಡನೆಯದನ್ನು ಎಲ್ಲೂ ಹೇಳಲಿಲ್ಲ. ಇಪ್ಪತ್ತನೇ ದಿನ ಶಿವರಾತ್ರಿ. ಸಿದ್ಧಗಂಗೆ ಜಾತ್ರೆಗೆ ಹೋದವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದರು. ಎರಡು ಬೆರಳಿನಷ್ಟು ಮುರಿದು ಬಾಯಿಗಿಟ್ಟೆ. ಎದೆಯ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿ ತುಂಬ ನೊರೆ ನೊರೆ ಎಂಜಲು, ಬಚ್ಚಲಿನಲ್ಲಿ ಒಂದು ಗಂಟೆ ಕೂತಿದ್ದೆ. ಅತ್ತೆ ಹೊರಗೆ ನಿಂತು ‘ಇದೆಲ್ಲ ಬೇಕಿತ್ತಾ ನಿನಗೆ’ ಎಂದು ಅತ್ತರು. ಅವತ್ತು ನನ್ನ ಮನಸ್ಸಿನಲ್ಲೂ ಅದೇ ಮಾತಿತ್ತು.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರತೊಡಗಿತು. ಬಾಚಣಿಗೆಗೆ ಬರುವಷ್ಟಲ್ಲ, ಕೈಗೆ ಸುತ್ತಿಕೊಳ್ಳುವಷ್ಟು. ಅದು ಮತ್ತೆ ಹುಟ್ಟುತ್ತದೆ, ಹುಟ್ಟಿತು ಕೂಡ. ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಎದೆಯುರಿ ಹೊಸದಾಗಿ ಬಂತು, ಈಗಲೂ ಎರಡು ದಿಂಬು ಇಟ್ಟು ಮಲಗುತ್ತೇನೆ. ಹೊಟ್ಟೆಯ ಚರ್ಮ ಜೋತುಬಿದ್ದು ಬೇಸಿಗೆಯಲ್ಲಿ ಮಡಿಕೆಗಳಲ್ಲಿ ಹುಣ್ಣಾಗುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಬದುಕಿರುವ ತನಕ ತಪ್ಪದು. ಹದಿನಾರನೇ ತಿಂಗಳಿಗೆ 69 ಕೆ.ಜಿ.ಗೆ ಇಳಿದೆ. ಈಗ 78.

ಒಳ್ಳೆಯದನ್ನೂ ಅಷ್ಟೇ ನಿಚ್ಚಳವಾಗಿ ಹೇಳಬೇಕು. ಮೂರು ಮಾತ್ರೆಯಲ್ಲಿ ಎರಡು ನಿಂತಿವೆ. ಗೊರಕೆ ಹೋಯಿತು. ಸಿದ್ಧಗಂಗೆ ಬೆಟ್ಟದ ಮೆಟ್ಟಿಲನ್ನು ಇಪ್ಪತ್ತು ವರ್ಷದ ಮೇಲೆ ಹತ್ತಿದೆ, ಕಂಬಿ ಹಿಡಿಯದೆ. ಮತ್ತೆ ಆ ದಿನಕ್ಕೆ ಹೋದರೂ ನಾನು ಆಪರೇಷನ್ ಮಾಡಿಸಿಕೊಳ್ಳುತ್ತೇನೆ.

ಆದರೆ ಆಪರೇಷನ್ ಆದವರ ಸಭೆಗಳಲ್ಲಿ ಈ ಎರಡು ಮುಖದಲ್ಲಿ ಒಂದನ್ನೇ ತೋರಿಸುತ್ತೇವೆ. 2022ರ ಆರಂಭದಲ್ಲಿ ಬೆಂಗಳೂರಿನ ಒಂದು ಹೋಟೆಲಿನ ಹಾಲಿನಲ್ಲಿ ಅಂಥ ಸಭೆ. ಆಸ್ಪತ್ರೆಯವರೇ ಕರೆದಿದ್ದರು. ಪರದೆಯ ಮೇಲೆ ನನ್ನ ಎರಡು ಫೋಟೊ, 112 ಮತ್ತು 69. ಆಗಲೇ ನಾನು 74ಕ್ಕೆ ಏರಿದ್ದೆ, ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಾಲು ಹೊದಿಸಿದರು. ಮೈಕ್ ಕೈಗೆ ಬಂತು. ‘ನನಗೆ ಇದು ಪುನರ್ಜನ್ಮ, ಏನೂ ಕಷ್ಟವಾಗಲಿಲ್ಲ’ ಎಂದೆ. ಚಪ್ಪಾಳೆ. ಎರಡನೇ ಸಾಲಿನಲ್ಲಿ ಕುಣಿಗಲ್ಲಿನ ಈ ತಂಗಿ ಕೂತಿದ್ದಳು. ಆಮೇಲೆ ಬಂದು ಕೈ ಹಿಡಿದುಕೊಂಡು, ‘ನಮ್ಮ ಜಿಲ್ಲೆಯವರೇ ಹೇಳಿದ ಮೇಲೆ ಧೈರ್ಯ ಬಂತು ಅಕ್ಕ’ ಎಂದಳು. ಆಸ್ಪತ್ರೆಯವರು ಅವಳಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ ವಾಂತಿ, ಜೀವಸತ್ವದ ಕೊರತೆ ಎಲ್ಲವೂ ಇತ್ತು. ಅವಳು ನಂಬಿದ್ದು ಕಾಗದವನ್ನಲ್ಲ, ನನ್ನನ್ನು.

ಅದಕ್ಕೇ ಹೇಳುತ್ತಿದ್ದೇನೆ: ಅನುಭವಿಸಿದವರು ಹೇಳುವ ಅರ್ಧ ಸತ್ಯ, ಡಾಕ್ಟರು ಹೇಳದೆ ಬಿಟ್ಟದ್ದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ಕಷ್ಟ ಬಂದಾಗ ರೋಗಿ ತನ್ನ ಒಳಗೇ ತಪ್ಪು ಹುಡುಕುತ್ತಾಳೆ. ತೂಕ ಮತ್ತೆ ಏರಿದವರಂತೂ ಸಭೆಗೇ ಬರುವುದನ್ನು ನಿಲ್ಲಿಸುತ್ತಾರೆ. ಬರುವವರೆಲ್ಲ ಗೆದ್ದವರೇ ಆದಾಗ, ಹೊಸಬರಿಗೆ ಸೋಲು ಎಂಬುದೇ ಇಲ್ಲವೆಂದು ಕಾಣುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ಎರಡು ಸಾವಿರ ಆಪರೇಷನ್ ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಜಠರದ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಕಳೆದುಕೊಂಡರು, ಹತ್ತು ವರ್ಷಕ್ಕೆ ಅದು ಶೇ 25ಕ್ಕೆ ಬಂದು ನಿಂತಿತ್ತು. ಅದೇ ಅಧ್ಯಯನದ 2007ರ ವರದಿ, ಆಪರೇಷನ್ ಆದವರಲ್ಲಿ ಸಾವು ಕಡಿಮೆ ಎಂದೂ ತೋರಿಸಿತು. ಎರಡೂ ನಿಜ. ಸ್ವಲ್ಪ ತೂಕ ಮರಳುವುದು ಈ ದಾರಿಯಲ್ಲಿ ಇರುವುದೇ ಎಂದು ನನಗೆ ಮೂರನೇ ವರ್ಷ ಯಾರಾದರೂ ಹೇಳಿದ್ದರೆ, ಆ ಐದು ಕೆ.ಜಿ.ಯನ್ನು ಕಳ್ಳತನದ ಹಾಗೆ ಬಚ್ಚಿಡುತ್ತಿರಲಿಲ್ಲ.

ಈಗ ತಿಂಗಳ ಎರಡನೇ ಭಾನುವಾರ ನಮ್ಮ ಮನೆಯ ಮಹಡಿಯಲ್ಲಿ ಹದಿನಾಲ್ಕು ಜನ ಸೇರುತ್ತೇವೆ. ಗುಬ್ಬಿಯಿಂದ ಕೊಬ್ಬರಿ ವ್ಯಾಪಾರದ ಅಣ್ಣ, ನಿವೃತ್ತ ಕಂಡಕ್ಟರ್ ಒಬ್ಬರು, ಕುಣಿಗಲ್ಲಿನಿಂದ ಮೂವರು, ಉಳಿದವರು ಊರಿನವರೇ. ಆಸ್ಪತ್ರೆಯವರಿಲ್ಲ, ಪ್ರೊಟೀನ್ ಪೌಡರ್ ಮಾರುವವರಿಲ್ಲ. ಆಪರೇಷನ್ ಆಗಿ ಹೆಚ್ಚು ವರ್ಷ ಕಳೆದವರು ಮೊದಲು ಮಾತಾಡಬೇಕು. ಹಳೆಯ ಫೋಟೊ ತಂದವರು ಇವತ್ತಿನ ತೂಕವನ್ನೂ ಹೇಳಬೇಕು. ‘ನೀವು ಹೀಗೆ ಮಾಡಿ’ ಎನ್ನುವ ಹಾಗಿಲ್ಲ, ‘ನನಗೆ ಹೀಗಾಯಿತು’ ಎನ್ನಬಹುದು. ನೀರೂ ನಿಲ್ಲದ ವಾಂತಿ, ಕಾಲಿನ ಜೋಮು, ಕಪ್ಪು ಮಲ, ಮೊದಲ ವಾರಗಳಲ್ಲಿ ಜ್ವರ ಅಥವಾ ಏರಿದ ಎದೆಬಡಿತ, ಇಂಥದ್ದು ಕಂಡರೆ ನಮಗೆ ಫೋನ್ ಮಾಡುವುದಲ್ಲ, ಅದೇ ದಿನ ಡಾಕ್ಟರ ಬಳಿ ಹೋಗುವುದು. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆತನ್ನಿ ಎನ್ನುತ್ತೇವೆ. ಹೋದ ಸಲ ಒಬ್ಬರ ಅತ್ತೆ ಬಂದಿದ್ದರು. ಸೊಸೆ ಮುದ್ದೆ ಮುಟ್ಟುತ್ತಿಲ್ಲ ಎಂದು ಅವರ ಸಂಕಟ. ಮೊದಲು ಮೊಟ್ಟೆಯ ಬಿಳಿ, ಮೊಳಕೆಕಾಳು, ಹುರುಳಿಕಟ್ಟು, ಹೊಟ್ಟೆಯಲ್ಲಿ ಜಾಗ ಉಳಿದರೆ ಮುದ್ದೆ. ದಿನಕ್ಕೆ ಅರವತ್ತು ಗ್ರಾಂ ಪ್ರೊಟೀನ್ ಒಳಗೆ ಹೋಗಬೇಕು ಎಂದು ಲೆಕ್ಕ ಬರೆದು ತೋರಿಸಿದಾಗ, ‘ಇಷ್ಟನ್ನ ನಂಗ್ಯಾರೂ ಹೇಳ್ಲೇ ಇಲ್ವಲ್ಲವ್ವ’ ಎಂದರು. ಕಂಡಕ್ಟರ್ ಅಣ್ಣ ಮಾತಾಡಿದ ದಿನ ಎಲ್ಲರೂ ಗಪ್‌ಚಿಪ್. ಬೈಪಾಸ್ ಆದ ಎರಡನೇ ವರ್ಷ ಕುಡಿತ ಹಿಡಿಯಿತು, ಮೊದಲಿನ ಅರ್ಧಕ್ಕೇ ತಲೆಗೇರುತ್ತಿತ್ತು, ಊಟ ಕೊಡುತ್ತಿದ್ದ ಸಮಾಧಾನವನ್ನು ಅಲ್ಲಿ ಹುಡುಕಿದೆ ಎಂದರು. ಅವರು ಹಾಗೆ ಬಾಯಿ ಬಿಟ್ಟಿದ್ದಕ್ಕೆ ಇನ್ನೊಬ್ಬರು ಮುಂದಿನ ತಿಂಗಳೇ ಡಾಕ್ಟರಲ್ಲಿಗೆ ಹೋದರು.

ಹೀಗೆಲ್ಲ ಹೇಳಿದರೆ ಆಪರೇಷನ್ ನಿಜಕ್ಕೂ ಬೇಕಾದವರೂ ಹೆದರಿ ಓಡುತ್ತಾರೆ ಎಂದು ಪರಿಚಯದ ಡಾಕ್ಟರೊಬ್ಬರು ಆಕ್ಷೇಪಿಸಿದರು. ನಾನು ಕಂಡದ್ದು ಬೇರೆ. ಗುಬ್ಬಿಯ ಹೆಂಗಸೊಬ್ಬರಿಗೆ ಎಲ್ಲವನ್ನೂ ಹೇಳಿದೆ. ಎಂಟು ತಿಂಗಳು ಯೋಚಿಸಿ ಮಾಡಿಸಿಕೊಂಡರು. ಮೂರನೇ ವಾರ ಫೋನ್ ಮಾಡಿ, ‘ನೀವು ಹೇಳಿದ್ದ ನೊರೆ ಬಂತು ಮೇಡಂ, ಡಾಕ್ಟರಿಗೆ ಹೇಳಿದೀನಿ’ ಎಂದರು. ದನಿಯಲ್ಲಿ ಗಾಬರಿಯಿರಲಿಲ್ಲ. ಇನ್ನೊಬ್ಬರು ಬೇಡ ಎಂದು ತೀರ್ಮಾನಿಸಿದರು. ಅದೂ ಅವರ ಹಕ್ಕು. 2025ರಿಂದ ತೂಕ ಇಳಿಸುವ ಇಂಜೆಕ್ಷನ್‌ಗಳೂ ನಮ್ಮಲ್ಲಿಗೆ ಬಂದಿವೆ. ಅದನ್ನು ಚುಚ್ಚಿಸಿಕೊಳ್ಳುವವರು ಕೂಡ ಇದೇ ಮೌನವನ್ನು ಕಲಿಯುತ್ತಿದ್ದಾರೆ.

ಸರ್ಕಾರಕ್ಕೂ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಹೆಚ್ಚಿನ ತೂಕ. ಆಪರೇಷನ್ ಬೆಂಗಳೂರಿನಲ್ಲಾಗಲಿ, ಆದರೆ ಪ್ರತಿ ತಪಾಸಣೆಗೂ ಎಪ್ಪತ್ತು ಕಿಲೋಮೀಟರ್ ಹೋಗಿ, ಒಂದು ದಿನದ ಕೂಲಿ ಬಿಟ್ಟು ಬರಬೇಕೆಂದರೆ ನಮ್ಮವರು ಒಂದು ವರ್ಷಕ್ಕೆ ಕೈಬಿಡುತ್ತಾರೆ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಒಬ್ಬ ಆಹಾರ ತಜ್ಞರು ಕೂತು ರಕ್ತಪರೀಕ್ಷೆ ನೋಡಿ ಕಳಿಸುವ ಹಾಗಾದರೆ ಸಾಕು.

ಸಭೆಯ ಆಚೆಗೂ ನಾನು ಒಂದು ಸುಳ್ಳು ಹೇಳಿದ್ದೆ. ತೂಕ ಇಳಿದ ಹೊಸತರಲ್ಲಿ ಅಮಾನಿಕೆರೆ ಪಾರ್ಕಿನಲ್ಲಿ, ಮದುವೆ ಮನೆಗಳಲ್ಲಿ ಕೇಳುವವರೇ ಕೇಳುವವರು. ‘ಏನಕ್ಕ, ಶುಗರ್ ಜಾಸ್ತಿಯಾಯ್ತಾ?’ ಎಂದವರಿಗೆಲ್ಲ ‘ಇಲ್ಲಪ್ಪ, ವಾಕಿಂಗು, ರಾತ್ರಿ ಊಟ ಬಿಟ್ಟೆ’ ಎಂದೆ. ಗುಬ್ಬಿಯಲ್ಲಿ ನನ್ನ ಅಣ್ಣನ ಮಗಳಿದ್ದಾಳೆ, ದಪ್ಪ ಮೈಯವಳು. ನನ್ನ ಮಾತು ನಂಬಿ ಎರಡು ವರ್ಷ ದಿನಕ್ಕೆ ಐದು ಕಿಲೋಮೀಟರ್ ನಡೆದಳು, ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದಳು. ಆರು ಕೆ.ಜಿ. ಇಳಿದು ಎಂಟು ಏರಿತು. ತನಗೆ ಮನಸ್ಸಿನ ಗಟ್ಟಿತನವೇ ಇಲ್ಲ ಎಂದು ಅವಳು ಅವರಮ್ಮನ ಹತ್ತಿರ ಅತ್ತಿದ್ದಳಂತೆ. ಹೋದ ತಿಂಗಳು ಅವರ ಮನೆಯ ಹಿತ್ತಲಿನಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಸೀರೆ ಸರಿಸಿ ಹೊಟ್ಟೆಯ ಮೇಲಿನ ಗಾಯದ ಗುರುತುಗಳನ್ನೂ ತೋರಿಸಿದೆ. ಬಹಳ ಹೊತ್ತು ಅವಳು ಆ ಗುರುತುಗಳನ್ನೇ ನೋಡುತ್ತಿದ್ದಳು.

‘ಆವತ್ತೇ ಹೇಳಬಹುದಿತ್ತಲ್ಲ ಅತ್ತೆ’ ಎಂದಳು.