ಸರ್ವರ್ ಯಾವ ಊರಿಗೆ ಹೋಗಿದೆ?

ಕಳೆದ ವಾರ ನಾವು ಒಂದು ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಮೂರು ಗಂಟೆ ಕಾಲ ಕುಳಿತಿದ್ದೆವು. ಸುತ್ತ ಹತ್ತಿಪ್ಪತ್ತು ಮಂದಿ ರೈತರು. ಸೊಸೈಟಿಯಲ್ಲಿ ಬೆಳೆಸಾಲ ಕೇಳಬೇಕು, ಅದಕ್ಕೆ ಪಹಣಿ ಬೇಕು. ಕಿಂಡಿಯ ಒಳಗಿದ್ದ ಹುಡುಗನದು ಒಂದೇ ಮಾತು: “ಸರ್ವರ್ ಇಲ್ಲ, ನಾಳೆ ಬನ್ನಿ.” ಮುದುಕನೊಬ್ಬ, “ಯಾವ ಊರಿಗೆ ಹೋಗಿದೆ ಸ್ವಾಮಿ?” ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ.

ಹುಡುಗನ ಮೇಜಿನ ಮೇಲಿನ ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದೀಗ ಬರಿಯ ಕಿಟಕಿ. ದಾಖಲೆ ಕಾಯುವ, ಲೆಕ್ಕ ಮಾಡುವ ಯಂತ್ರಗಳು ಎಲ್ಲೋ ದೂರದಲ್ಲಿವೆ. ನಡುವೆ ತಂತಿ ಕಡಿದರೆ ಕಿಟಕಿಯ ಆಚೆ ಕತ್ತಲೆ.

ನಾವು ಯಂತ್ರದ ವೈರಿಗಳಲ್ಲ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿ, 2001ರ ಸುಮಾರಿಗೆ 15 ರೂಪಾಯಿಗೆ ರೈತನ ಕೈಗಿತ್ತಿತು. ಕೈಬೆಚ್ಚಗೆ ಮಾಡಿದ ಹೊರತು ಕಡತ ಬಿಚ್ಚದವರ ಕಾಲ ಕಂಡವರಿಗೆ ಇದು ಸಣ್ಣ ಲಾಭವಲ್ಲ. ಆಗ ತಾಲ್ಲೂಕಿನ ದಾಖಲೆ ತಾಲ್ಲೂಕಿನ ಯಂತ್ರದಲ್ಲೇ ಇತ್ತು. ಬರಬರುತ್ತ ಎಲ್ಲವೂ ಬೆಂಗಳೂರಿನ ಕೇಂದ್ರವನ್ನು ನೆಚ್ಚಿಕೊಂಡಿತು. ಇದರಿಂದ ಎಲ್ಲಿ ಕೂತರೂ ಪಹಣಿ ಸಿಗುತ್ತದೆ, ಇಲಿ ಗೆದ್ದಲುಗಳ ಭಯವಿಲ್ಲ. ಒಪ್ಪೋಣ.

ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ, ಟೆಲಿಫೋನಿನಂತೆ ಗಣಕಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಹೇಳಿದ್ದರು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಯಂತ್ರಗಳನ್ನು ಗಂಟೆ ಲೆಕ್ಕದ ಬಾಡಿಗೆಗೆ ಬಿಟ್ಟಿತು. ಸೇವೆಯೇನೋ ಬಂತು, ‘ಸಾರ್ವಜನಿಕ’ ಎಂಬ ಮಾತು ದಾರಿಯಲ್ಲಿ ಬಿದ್ದುಹೋಯಿತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡನ್ನು ಗೂಗಲ್ ಕ್ಲೌಡ್ ತಪ್ಪಿನಿಂದ ಅಳಿಸಿಹಾಕಿತು. 6 ಲಕ್ಷಕ್ಕೂ ಹೆಚ್ಚು ದುಡಿಯುವ ಜನ ಒಂದು ವಾರ ತಮ್ಮ ಉಳಿತಾಯದ ಲೆಕ್ಕವನ್ನೇ ನೋಡಲಾಗಲಿಲ್ಲ. ಎರಡು ಕಡೆ ಇಟ್ಟ ಪ್ರತಿಗಳೂ ಒಂದೇ ಒಡೆಯನ ಕೈಯಲ್ಲಿದ್ದುದರಿಂದ ಒಟ್ಟಿಗೇ ಹೋದವು. ಮತ್ತೆ ಕಟ್ಟಿಕೊಳ್ಳಲು ಬೇರೊಬ್ಬರಲ್ಲಿ ಇಟ್ಟಿದ್ದ ಪ್ರತಿಯೂ ನೆರವಾಯಿತು.

ಹಾಗೆಂದು ಹಲವು ಯಂತ್ರ ಕೂಡಿ ದುಡಿಯುವುದೆಲ್ಲ ಧಣಿಗಳ ಕಣಕ್ಕೇ ಹೋಗಬೇಕೆಂದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇಲ್ಲವೆ? 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದವರು ‘ಸೆಟಿ ಅಟ್ ಹೋಮ್’ ಎಂಬ ಕೆಲಸ ಹೂಡಿದರು. ಆಕಾಶದಿಂದ ಬಂದ ರೇಡಿಯೋ ಸಂಕೇತಗಳನ್ನು ತುಣುಕು ತುಣುಕಾಗಿ ಹಂಚಿದರು. ಲಕ್ಷಾಂತರ ಮಂದಿ ತಮ್ಮ ಮನೆಯ ಕಂಪ್ಯೂಟರ್ ಸುಮ್ಮನಿದ್ದ ಹೊತ್ತಿನಲ್ಲಿ ಅದನ್ನು ಜಾಲಿಸಿ ಕೊಟ್ಟರು. 2020ರ ಮಾರ್ಚಿಯವರೆಗೆ ಈ ಹಂಚಿಕೆ ನಡೆಯಿತು. ಅದೇ ವರ್ಷ ಕೊರೋನಾ ಬಂದಾಗ ‘ಫೋಲ್ಡಿಂಗ್ ಅಟ್ ಹೋಮ್’ಗೆ ಇದೇ ರೀತಿ ಜನ ಕೊಟ್ಟ ಯಂತ್ರಬಲ ಅಂದಿನ ಅತಿ ದೊಡ್ಡ ಸೂಪರ್ ಕಂಪ್ಯೂಟರನ್ನೂ ಮೀರಿಸಿತು. ಅಲ್ಲಿ ಒಂದು ಯಂತ್ರ ನಿಂತರೆ ಅದರ ಪಾಲು ಇನ್ನೊಂದಕ್ಕೆ. “ನಾಳೆ ಬನ್ನಿ” ಎನ್ನುವವನಿಲ್ಲ. (ಬಂದ ಫಲ ಎಲ್ಲರಿಗೂ ತೆರೆದಿತ್ತು ಎಂಬುದನ್ನೂ ವಾಚಕರು ಗಮನಿಸಬೇಕು.)

ಆದ್ದರಿಂದ ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟು. ಬೆಂಗಳೂರಿನ ಕೇಂದ್ರ ಇರಲಿ. ಆದರೆ ತಾಲ್ಲೂಕಿನ ಪಹಣಿಗಳ ಒಂದು ಪ್ರತಿ ತಾಲ್ಲೂಕಿನ ಯಂತ್ರದಲ್ಲಿ, ತಂತಿ ಕಡಿದಾಗಲೂ ತೆರೆಯುವಂತೆ, ಇರಬೇಕು. ಸರ್ವರ್ ನಿಂತ ದಿನ ಬಂದ ರೈತನಿಗೆ ದಿನಾಂಕ ಹಾಕಿದ ಚೀಟಿ ಕೊಡಬೇಕು, ಸಾಲದ ಗಡುವಿಗೆ ಆ ದಿನ ಸೇರಬೇಕು.

ಆ ಮುದುಕ ಮರುದಿನವೂ ಬಂದಿದ್ದ. ಪಹಣಿ ಸಿಕ್ಕಿತು. ಎರಡು ದಿನದ ಕೂಲಿಯನ್ನು ಯಾವ ಕಿಂಡಿಯಲ್ಲಿ ಕೇಳಬೇಕೆಂದು ನಮ್ಮನ್ನು ವಿಚಾರಿಸಿದ.