ಬಾಗಿದರೂ ಬೀಳದ ಮನೆ

ಇನ್ನೂರಕ್ಕೂ ಹೆಚ್ಚು ವರ್ಷ ನಿಂತಿದ್ದ ಕಟ್ಟಡವನ್ನು ಇಲ್ಲವಾಗಿಸಲು ಎರಡೇ ದಿನ ಸಾಕಾಯಿತು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಹಿಮ್ಲಿ ಎಂಬ ಊರಿನ ಬಳಿ ‘ಕ್ರೂಕೆಡ್ ಹೌಸ್’, ಅಂದರೆ ಸೊಟ್ಟ ಮನೆ, ಎಂಬ ಪಬ್ಬಿತ್ತು. ಕೈ ಬದಲಾಗಿ ಎರಡು ವಾರವೂ ಆಗಿರಲಿಲ್ಲ, 2023ರ ಆಗಸ್ಟ್ 5ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಆರಿಸಲು ಓಡಿಬಂದವರಿಗೆ ದಾರಿಯಲ್ಲಿ ಮಣ್ಣಿನ ಗುಡ್ಡೆ ಅಡ್ಡ! 7ರಂದು ಯಂತ್ರ ಬಂದು ಉಳಿದ ಗೋಡೆಗಳನ್ನೂ ನುಂಗಿತು. ಮೇಲಿನ ಭಾಗವನ್ನಷ್ಟೇ ಇಳಿಸಲು ಒಪ್ಪಿದ್ದೆವು ಎಂದಿತು ಸ್ಥಳೀಯ ಕೌನ್ಸಿಲ್. ಬೆಂಕಿಯ ವಿಷಯ ಪೊಲೀಸರು ನೋಡಿಕೊಳ್ಳಲಿ. ಆದರೆ ಕೆಡವಿದ್ದು ಹಾಡಹಗಲಲ್ಲಿ, ಯಾರ ಹಂಗೂ ಇಲ್ಲದೆ.

1765ರಲ್ಲಿ ಅದು ರೈತನ ಮನೆ, ಪಬ್ಬಾದದ್ದು ಆಮೇಲೆ. ಕಲ್ಲಿದ್ದಲಿನ ಆಸೆಗೆ ಅಡಿಯ ನೆಲವನ್ನೇ ತೋಡಿದರು, ಒಂದು ಪಕ್ಕ ನಾಲ್ಕು ಅಡಿಯಷ್ಟು ಕುಸಿಯಿತು. ಪಬ್ಬಿನ ಆಗಿನ ಫಲಕಕ್ಕೆ ಮಾತ್ರ ಜಮೀನ್ದಾರ ಗ್ಲಿನ್ ಮನೆತನದ ಹೆಸರು: ‘ಗ್ಲಿನ್ ಆರ್ಮ್ಸ್’. ಓರೆ ನೆಲದ ಮೇಲೆ ಕಾಲೂರಿ ಬಿಯರ್ ಸುರಿದವರು, ಮೇಜು ಒರೆಸಿದವರು, ಕುಡಿದು ಜಗಳಕ್ಕೆ ನಿಂತವನನ್ನು ಸಮಾಧಾನ ಮಾಡಿ ಮನೆಗೆ ಕಳಿಸಿದವರು ಯಾವ ಫಲಕಕ್ಕೂ ಏರಲಿಲ್ಲ. ಬಂದವರ ಮುಂದೆ ಗೋಲಿ ಬಿಟ್ಟು, ಅದು ಏರು ಹತ್ತುವಂತೆ ಕಾಣುವ ಮೋಜನ್ನು ತೋರಿಸುತ್ತಿದ್ದವರೂ ಅವರೇ. 1940ರ ದಶಕದಲ್ಲಿ ಈ ಕಟ್ಟಡ ಸುರಕ್ಷಿತವಲ್ಲ ಎಂದಾಗ ಬಿಯರ್ ಕಂಪನಿಯೊಂದು ಆನಿಕೆಗೋಡೆ ಕಟ್ಟಿಸಿ ಉಳಿಸಿತ್ತು. ಉಳಿಸಬೇಕೆನ್ನುವ ಮನಸ್ಸಿದ್ದರೆ ಸೊಟ್ಟಗಿದ್ದದ್ದೂ ನಿಲ್ಲುತ್ತದೆ.

ಹೆಂಡದಂಗಡಿಗೆ ಇಷ್ಟು ಗೋಳೇಕೆ ಎನ್ನುವವರೂ ಇದ್ದಾರೆ. ಇರಲಿ, ಅವರು ಎಳನೀರೇ ಕುಡಿಯಲಿ. ಗಣಿ, ಕುಲುಮೆಗಳ ಆ ಸೀಮೆಯಲ್ಲಿ ದುಡಿದು ದಣಿದವರು ಕೂತು ಮಾತಾಡಲು ಇದ್ದ ಕಟ್ಟೆ ಅದು. ಅಂಥದ್ದು ಸರ್ಕಾರದ ರಕ್ಷಿತ ಪಟ್ಟಿಯಲ್ಲೇ ಇರಲಿಲ್ಲ! ಅರಮನೆಯ ಕಂಬಕ್ಕೆ ಕಾವಲುಗಾರ, ಕೂಲಿಯವನು ಒರಗಿದ ಗೋಡೆಗೆ ಯಂತ್ರದ ಹಲ್ಲು. ಕ್ರಯಪತ್ರ ಕೈಗೆ ಬಂದ ಮಾತ್ರಕ್ಕೆ ಇನ್ನೂರು ವರ್ಷದ ನೆನಪೂ ಅದರಲ್ಲಿ ಬರೆದುಕೊಟ್ಟಂತೆಯೇ?

ಮತ್ತೆ ಕಟ್ಟುವುದು ಆಗದ ಮಾತು ಎನ್ನಬೇಡಿ. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನನ್ನು 2015ರಲ್ಲಿ ಅನುಮತಿಯಿಲ್ಲದೆ ಉರುಳಿಸಿದರು. ಊರವರು ಬಿಡಲಿಲ್ಲ, ಇದ್ದಂತೆಯೇ ಕಟ್ಟಿ ಎಂದು ಆದೇಶವಾಯಿತು; 2021ರಲ್ಲಿ ಬಾಗಿಲು ತೆರೆಯಿತು. ಹಿಮ್ಲಿಯ ಪಬ್ಬಿನ ಮಾಲೀಕರಿಗೂ 2024ರ ಫೆಬ್ರವರಿಯಲ್ಲಿ ಕೌನ್ಸಿಲ್ ಅದನ್ನೇ ಹೇಳಿದೆ, ಮೂರು ವರ್ಷ ಗಡುವು ಕೊಟ್ಟು. ಕೆಡವಿದವರ ಖರ್ಚಿನಲ್ಲೇ ಏಳಲಿ ಆ ಗೋಡೆ, ಮೊದಲಿದ್ದಷ್ಟೇ ಸೊಟ್ಟಗೆ. ಒಂದಂಗುಲ ನೆಟ್ಟಗಾದರೂ ಒಪ್ಪಬೇಡಿ.