ವಿಮಾನ ಇಳಿದ ಮರುದಿನ

ಗಾಜನೂರಿನಲ್ಲಿ ತುಂಗಾ ಜಲಾಶಯದ ಗೇಟು ಎತ್ತಿದರು ಎಂದರೆ ಸಾಕು, ಹೊನ್ನಾಳಿಯ ಬಾಲರಾಜ್ ಘಾಟ್‌ನವರಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಮೊದಲು ಗ್ಯಾಸ್ ಸಿಲಿಂಡರ್, ಆಮೇಲೆ ಟಿ.ವಿ. ಆಧಾರ್, ರೇಷನ್ ಕಾರ್ಡುಗಳು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಹೆಂಗಸರ ಸೊಂಟಕ್ಕೆ. ಕಾಳಜಿ ಕೇಂದ್ರದಲ್ಲಿ ಚಾಪೆ, ಬಿಸಿ ಅನ್ನ, ಸಾರು. ಸಂಜೆಗೆ ನಾಯಕರೊಬ್ಬರ ಭೇಟಿ, ಒಂದು ಫೋಟೊ.

ಲೇವಡಿ ಮಾಡುತ್ತಿಲ್ಲ. ಅದೂ ಒಂದು ವ್ಯವಸ್ಥೆಯೇ. ಅದರ ಹಿಂದೆ ವಿಪತ್ತು ಪರಿಹಾರ ನಿಧಿಯ ನಿಯಮಾವಳಿ ಇದೆ: ಮನೆ ಕೊಚ್ಚಿಹೋದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ್ದರೆ ಬಟ್ಟೆಗೆ 2,500 ರೂಪಾಯಿ, ಪಾತ್ರೆಪಗಡೆಗೆ 2,500. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ತಕ್ಷಣದ ಪರಿಹಾರವನ್ನು 10,000 ರೂಪಾಯಿಗೆ ಏರಿಸಿತ್ತು. (ಹೊಳೆ ಒಂದೂವರೆ ದಿನಕ್ಕೇ ಇಳಿದುಬಿಟ್ಟರೆ? ಆಗ ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸಿ ಕಂದಾಯ ನಿರೀಕ್ಷಕರೊಂದಿಗೆ ವಾದ ಮಾಡಬೇಕು. ಅದು ಇನ್ನೊಂದು ವಾರದ ಅಂಕಣ.)

ಹೊಳೆ ನುಗ್ಗಿದರೆ ಹೀಗೆ. ಯುದ್ಧ ನುಗ್ಗಿದರೆ?

ಚನ್ನಗಿರಿ ತಾಲ್ಲೂಕಿನ ಗೋಪನಾಳ, ಅಸ್ತಾಪನಹಳ್ಳಿಗಳ ಹಕ್ಕಿಪಿಕ್ಕಿ ಕುಟುಂಬಗಳು ಈ ಪ್ರಶ್ನೆಗೆ ಸಿಕ್ಕಿಕೊಂಡದ್ದು 2023ರ ಏಪ್ರಿಲ್‌ನಲ್ಲಿ. ಆ ತಿಂಗಳ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿತು. ನಮ್ಮ ಜನ ಇದ್ದದ್ದು ರಾಜಧಾನಿಯಿಂದಲೂ ದೂರದ ಡಾರ್ಫರ್ ಸೀಮೆಯ ಎಲ್ ಫಾಶರ್ ಪಟ್ಟಣದಲ್ಲಿ. ಅಷ್ಟು ದೂರ ಹೋದದ್ದೇಕೆ? ಬೇಟೆಯಾಡಿ ಬದುಕುತ್ತಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ ಕಾಡಿನ ಬಾಗಿಲು ಮುಚ್ಚಿತು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ, ಮಸಾಜ್ ಎಣ್ಣೆ ಹಿಡಿದುಕೊಂಡು ಊರೂರು ತಿರುಗಿದರು. ಆಫ್ರಿಕಾದಲ್ಲಿ ಗಿರಾಕಿ ಚೆನ್ನಾಗಿದೆ ಎಂದು ಗೊತ್ತಾದಾಗ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಟಿಕೆಟ್ಟಿಗೆ, ಸರಕಿಗೆ ಬಡ್ಡಿ ಸಾಲ. ಗಂಡ ಹೆಂಡತಿ ವಿಮಾನ ಹತ್ತಿದರೆ ಮಕ್ಕಳು ಅಜ್ಜಿಯ ಹತ್ತಿರ.

ಅಲ್ಲಿ ಅವರು ಗುಂಡಿನ ಸದ್ದಿನ ನಡುವೆ ಬಾಗಿಲು ಹಾಕಿಕೊಂಡು ಕೂತಿದ್ದರು. ಅನ್ನ, ನೀರು ಮುಗಿಯುತ್ತಿದೆ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರು. ಇಲ್ಲಿ ಚುನಾವಣೆಯ ಬಿಸಿ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಿನಿಂದ ಉತ್ತರ ಕೊಟ್ಟರು, ಎರಡು ದಿನ ಟಿ.ವಿ.ಗೆ ಅದೇ ಊಟ. ಕೊನೆಗೆ ಆಪರೇಷನ್ ಕಾವೇರಿ ಶುರುವಾಯಿತು. ಬಸ್ಸಿನಲ್ಲಿ ಮರುಭೂಮಿ ದಾಟಿ ಪೋರ್ಟ್ ಸುಡಾನ್, ಅಲ್ಲಿಂದ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜಿದ್ದಾ, ಜಿದ್ದಾದಿಂದ ಭಾರತ. ಒಟ್ಟು 3,862 ಮಂದಿ ಜೀವಂತವಾಗಿ ಬಂದರು. ಮೇ 7ರಂದು ಶಿವಮೊಗ್ಗಕ್ಕೆ ಬಂದಿದ್ದ ಪ್ರಧಾನಿ ಹೀಗೆ ಪಾರಾಗಿ ಬಂದ ಹಕ್ಕಿಪಿಕ್ಕಿಗಳನ್ನು ಕಂಡು ಮಾತಾಡಿಸಿದರು. ಮೂರು ದಿನಕ್ಕೆ ಮತದಾನ ಇತ್ತು, ನಿಜ. ಆದರೂ ಈ ಕೆಲಸದಲ್ಲಿ ನಾನು ಹುಳುಕು ಹುಡುಕುವುದಿಲ್ಲ. ಹಡಗು ಕಳಿಸಿದವರು ದೊಡ್ಡ ಕೆಲಸ ಮಾಡಿದರು.

ನನ್ನ ತಕರಾರು ಮರುದಿನದ ಬಗ್ಗೆ. ಎಣ್ಣೆಯ ಸೀಸೆಗಳು ಸುಡಾನಿನಲ್ಲೇ ಉಳಿದವು, ಸಾಲ ಮಾತ್ರ ಚನ್ನಗಿರಿಯಲ್ಲಿ ಕಾಯುತ್ತಿತ್ತು. ವಿಪತ್ತು ನಿಧಿಯ ಪಟ್ಟಿಯಲ್ಲಿ ಬರ, ನೆರೆ, ಭೂಕಂಪ, ಸುನಾಮಿ, ಆಲಿಕಲ್ಲು, ಕೊನೆಗೆ ಶೀತಗಾಳಿಯೂ ಇದೆ. ಪರದೇಶದ ಯುದ್ಧ ಇಲ್ಲ. ಕೆಲಸದ ವೀಸಾದ ಮೇಲೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ, 275 ರೂಪಾಯಿ ಕಂತಿಗೆ 10 ಲಕ್ಷದ ವಿಮೆ. ಸ್ವಂತ ವ್ಯಾಪಾರಕ್ಕೆ ಚೀಲ ಹೊತ್ತು ಹೋದವನಿಗೆ ಅದೂ ಒದಗುವುದಿಲ್ಲ. ಹಕ್ಕಿಪಿಕ್ಕಿಗಳಂಥ ಪರಿಶಿಷ್ಟ ಪಂಗಡದವರಿಗೆಂದೇ ವಾಲ್ಮೀಕಿ ಅಭಿವೃದ್ಧಿ ನಿಗಮ ಇದೆಯಲ್ಲ ಎನ್ನುತ್ತೀರಿ. 2024ರಲ್ಲಿ ಆ ನಿಗಮದ ಖಾತೆಯಿಂದ ಹಣ ಅಕ್ರಮವಾಗಿ ಬೇರೆಡೆಗೆ ಹೋದ ಸುದ್ದಿ ಓದಿದವರು ಹಾಗೆನ್ನುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ನಾವು, ಅಂದರೆ ಊರಿನ ಜನ, ಇಂಥ ಹೊತ್ತಿನಲ್ಲಿ ಏನು ಮಾಡುತ್ತೇವೆ? ಹಳೆ ಸೀರೆ, ಗುಂಡಿ ಕಿತ್ತ ಷರ್ಟು, ಒಂದು ಕಾಲಿನ ಚಪ್ಪಲಿಯವರೆಗೆ ಮೂಟೆ ಕಟ್ಟುತ್ತೇವೆ. ನೆರೆಯ ಸಮಯದಲ್ಲಿ ಅಂಥ ಮೂಟೆಗಳು ಶಾಲೆಯ ವರಾಂಡದಲ್ಲಿ ಬಿದ್ದು ಕೊಳೆಯುವುದನ್ನು ಯಾರು ನೋಡಿಲ್ಲ? ಮರಳಿ ಬಂದ ಕುಟುಂಬಕ್ಕೆ ಬೇಕಾಗಿರುವುದು ಒಂದು ತಿಂಗಳ ಅಕ್ಕಿ, ಎಣ್ಣೆ, ಗ್ಯಾಸು, ಮಗುವಿನ ಶಾಲೆಯ ಶುಲ್ಕ, ಸಾಲ ಕೊಟ್ಟವನು ಬಾಗಿಲಿಗೆ ಬರದಂತೆ ಮೂರು ತಿಂಗಳ ಬಿಡುವು. ಇದರಲ್ಲಿ ಯಾವುದು ಮೊದಲು ಎಂದು ಅವರಿಗೇ ಚೆನ್ನಾಗಿ ಗೊತ್ತು. ಅದಕ್ಕೇ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ಈಗ ಅನೇಕ ಕಡೆ ಸಾಮಾನಿನ ಬದಲು ನಗದನ್ನೇ ಕೈಗೆ ಕೊಡುತ್ತದೆ. ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ ಎನ್ನುವವರು ತಮ್ಮ ಮನೆಯ ಮದುವೆ ಮುಯ್ಯಿಯನ್ನು ಕವರಿನಲ್ಲಿ ಹಾಕಿಸಿಕೊಳ್ಳುವಾಗ ಈ ಮಾತು ನೆನೆಯಲಿ.

ಗಂಜಿಯ ಆಚೆಗೂ ಒಂದು ಹೆಜ್ಜೆ ಇದೆ. 1960ರ ಕೊನೆಗೆ ಟಿಬೆಟಿನವರು ಬೈಲಕುಪ್ಪೆಗೆ ಬಂದಾಗ ಅಂದಿನ ಮೈಸೂರು ರಾಜ್ಯ ಅವರಿಗೆ ಗುಡಾರವಷ್ಟೇ ಅಲ್ಲ, ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದರು, ಆನೆ ಕಾಟ ತಡೆದುಕೊಂಡರು, ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರ ಬೆನ್ನಿಗೆ ಅಂಥ ಕ್ಯಾಂಪಿನ ಮನೆ, ಹೊಲ ಇದೆ. ಅವರೂ ತಿರುಗಿ ಮಾರುವವರೇ, ಹಕ್ಕಿಪಿಕ್ಕಿಗಳೂ ತಿರುಗಿ ಮಾರುವವರೇ. ಒಂದು ಸೀಸನ್ ಕೆಟ್ಟರೆ ಯಾರ ಮನೆಯಲ್ಲಿ ಒಲೆ ಆರುತ್ತದೆ ಎಂಬುದರಲ್ಲಿ ವ್ಯತ್ಯಾಸ. ಎಲ್ ಫಾಶರ್ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಆರ್‌ಎಸ್‌ಎಫ್ ಕೈಗೆ ಹೋಯಿತು. ಅಲ್ಲಿಗಂತೂ ಇನ್ನು ಹೋಗುವಂತಿಲ್ಲ. ಆದರೆ ಸಾಲ ತೀರದೆ ಕೂತವರು ಬೇರೆ ಯಾವುದೋ ದೇಶದ ಟಿಕೆಟ್ ಕೊಳ್ಳುತ್ತಾರೆ. ನೀವಾಗಲಿ ನಾನಾಗಲಿ ಅವರ ಜಾಗದಲ್ಲಿದ್ದರೂ ಕೊಳ್ಳುತ್ತಿದ್ದೆವು.

ಇದು ಹಕ್ಕಿಪಿಕ್ಕಿಗಳ ಮಾತಷ್ಟೇ ಅಲ್ಲ. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಜನ ಕಾಫಿ ಸೀಮೆಗೆ ಗುಳೆ ಹೋಗುತ್ತಾರೆ, ನ್ಯಾಮತಿ ಕಡೆಯ ತಾಂಡಾಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. 2020ರ ಲಾಕ್‌ಡೌನ್‌ನಲ್ಲಿ ಹೊರಗಿನಿಂದ ಮರಳಿದವರನ್ನು ರಾಜ್ಯದ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳುಬೇಲಿ ಎಳೆದು ಎದುರುಗೊಂಡವು.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಯಾರು ಯಾವ ದೇಶಕ್ಕೆ, ಯಾವ ಊರಿಗೆ ಹೋಗಿದ್ದಾರೆ, ಮನೆಯಲ್ಲಿ ಉಳಿದವರು ಯಾರು ಎಂಬ ಒಂದು ವಹಿಯನ್ನು ಗ್ರಾಮ ಪಂಚಾಯ್ತಿ ಇಟ್ಟರೆ, ಮುಂದಿನ ಸಲ ದೂತಾವಾಸಕ್ಕೆ ಪಟ್ಟಿ ಕಳಿಸಲು ವಿಡಿಯೊ ವೈರಲ್ ಆಗುವವರೆಗೆ ಕಾಯಬೇಕಿಲ್ಲ. ಮರಳಿ ಬಂದ ಕುಟುಂಬಕ್ಕೆ ಮೂರು ತಿಂಗಳ ಖರ್ಚನ್ನು ಬಡ್ಡಿಯಿಲ್ಲದೆ ಕೊಡುವ ಶಕ್ತಿ ಅಡಿಕೆ ನಾಡಾದ ಚನ್ನಗಿರಿಯ ಸಹಕಾರ ಸಂಘಗಳಿಗೆ ಖಂಡಿತ ಇದೆ. ಬೈಲಾ ಅಡ್ಡ ಬಂದರೆ ಮಹಾಸಭೆಯಲ್ಲಿ ತಿದ್ದಬಹುದು. ಗ್ರಾಮಸಭೆಯ ನೋಟಿಸು ಗೋಡೆಗೆ ಬಿದ್ದ ದಿನವೇ ಈ ಎರಡನ್ನೂ ವಿಷಯಪಟ್ಟಿಗೆ ಸೇರಿಸಿ ಎಂದು ಅರ್ಜಿ ಬರೆದು ಪಿಡಿಒ ಕೈಗೆ ಕೊಡಿ. ಸೀಲು ಹಾಕಿದ ಸ್ವೀಕೃತಿ ಇಸಿದುಕೊಳ್ಳದೆ ಮಾತ್ರ ಎದ್ದು ಬರಬೇಡಿ.